ಕೈ ಹೋದ ಕಡೆ ಕಣ್ಣು

ಪ್ರೀತಿಯ ತಮ್ಮಾ,

ನೀನು ಕಳಿಸಿದ ಮೂರೂ ಬರಹ ಓದಿದೆ. ಒಂದು ಸಿನಿಮಾ ಬಗ್ಗೆ, ಒಂದು ನಿಮ್ಮಜ್ಜಿ ಬಗ್ಗೆ, ಇನ್ನೊಂದು ನೃತ್ಯ ಕಾರ್ಯಕ್ರಮದ ಬಗ್ಗೆ. ಭಾಷೆ ಚೆನ್ನಾಗಿದೆ, ಎರಡು ಮಾತಿಲ್ಲ. ಆದರೆ ನೀನು ಮೈಮರೆತೆ ಅನ್ನುವುದು ಗೊತ್ತಾಗುತ್ತದೆ, ಏನನ್ನು ನೋಡಿ ಮೈಮರೆತೆ ಅನ್ನುವುದು ಗೊತ್ತಾಗುವುದಿಲ್ಲ. "ಕಣ್ಣು ತುಂಬಿ ಬಂತು" ಅಂತ ಬರೆದಿದ್ದೀಯ. ಬರಲಿ. ನನ್ನ ಕಣ್ಣು ಯಾಕೆ ತುಂಬಬೇಕು, ಅದನ್ನು ಹೇಳು.

ಸಿನಿಮಾ, ಮನೆ, ನೃತ್ಯ ಮೂರೂ ಒಂದೇ ಕಡೆ ಸಿಗುವ ಒಂದು ಜಾಗ ತೋರಿಸುತ್ತೇನೆ. 1976ರಲ್ಲಿ ಸತ್ಯಜಿತ್ ರಾಯ್ ಅವರು ಭರತನಾಟ್ಯದ ಟಿ. ಬಾಲಸರಸ್ವತಿ ಅವರ ಮೇಲೆ 'ಬಾಲಾ' ಅಂತ ಒಂದು ಸಾಕ್ಷ್ಯಚಿತ್ರ ಮಾಡಿದರು. ಅರ್ಧ ಗಂಟೆ ಚಿಲ್ಲರೆ, ಅಷ್ಟೇ. ಅದರಲ್ಲಿ ಬಾಲಸರಸ್ವತಿ ಸಮುದ್ರದ ದಂಡೆಯಲ್ಲಿ ನಿಂತು 'ಕೃಷ್ಣಾ ನೀ ಬೇಗನೆ ಬಾರೋ'ಗೆ ಅಭಿನಯ ಮಾಡುತ್ತಾರೆ. ನಮ್ಮ ವ್ಯಾಸರಾಯರ ಪದ. ಬಾಲಸರಸ್ವತಿ 1918ರಲ್ಲಿ ಹುಟ್ಟಿದವರು, ಆಗ ಅರವತ್ತರ ಹತ್ತಿರ. ಗಾಳಿ ಜೋರಾಗಿದೆ, ಸೀರೆಯನ್ನು ಎಳೆದಾಡುತ್ತದೆ. ಈ ಗಾಳಿ ಅಭಿನಯಕ್ಕೆ ಅಡ್ಡ ಅಂತ ಗೊಣಗುವವರು ಗೊಣಗಲಿ. ನನಗೆ ಅದೇ ಇಷ್ಟ. ಅದೊಂದನ್ನು ಯಾರೂ ತಾಲೀಮು ಮಾಡಿಸಿರಲಿಲ್ಲ ನೋಡು.

ಅಲ್ಲಿ ಮಗು ಇಲ್ಲ. ಬರೀ ಮರಳು, ನೀರು. ಆದರೂ ಮಗು ಎಲ್ಲಿದೆ, ಎಷ್ಟೆತ್ತರ ಇದೆ ಅಂತ ನಮಗೆ ಗೊತ್ತಾಗುತ್ತದೆ. ಹೇಗೆ? ಕರೆಯುವವರ ಕಣ್ಣು ಬೀಳುವ ಜಾಗದಿಂದ. ಕೈ ಹೋದ ಕಡೆ ಕಣ್ಣು, ಕಣ್ಣು ಹೋದ ಕಡೆ ಮನಸ್ಸು ಅಂತ 'ಅಭಿನಯದರ್ಪಣ' ಅನ್ನುವ ಹಳೆಯ ನಾಟ್ಯಗ್ರಂಥ ಹೇಳುತ್ತದೆ. ನೃತ್ಯ ಕಲಿಯುವವರಿಗೆ ಅದು ಬಾಯಿಪಾಠ. ಬರೆಯುವವರಿಗೂ ಆಗಬೇಕು ಅನ್ನುವುದು ನನ್ನ ವಾದ. ನೀನು ನರ್ತಕಿಯ ಬಗ್ಗೆ "ಮಿಂಚಿನಂತೆ ಸುಳಿದಳು" ಅಂತ ಬರೆದಿದ್ದೀಯ. ಮಿಂಚು ನನಗೆ ಬೇಡ. ಅವಳ ಎಡಗೈ ಎಲ್ಲಿತ್ತು? ಯಾರನ್ನು ನೋಡುತ್ತಿದ್ದಳು? ಬೆವರು ಕಣ್ಣಿಗಿಳಿದಾಗ ರೆಪ್ಪೆ ಬಡಿದಳಾ, ಸುಮ್ನೆ ತಡೆದುಕೊಂಡಳಾ? ಅಭಿನಯದಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ. ಒಮ್ಮೆ ಮುದ್ದು, ಒಮ್ಮೆ ಹುಸಿಮುನಿಸು, ಒಮ್ಮೆ ಬೇಡಿಕೆ. ಎಷ್ಟನೇ ಸಲಕ್ಕೆ ನಿನ್ನ ಎದೆಗೆ ತಾಕಿತು? ಅದಕ್ಕಿಂತ ಹಿಂದಿನದು ಯಾಕೆ ತಾಕಲಿಲ್ಲ? ಇದಕ್ಕೆ ಉತ್ತರ ಹುಡುಕಿದರೆ ಅರ್ಧ ಲೇಖನ ಆಯಿತು.

ಇನ್ನು ಮನೆ. ಬಾಲಸರಸ್ವತಿ ಅವರ ಅಜ್ಜಿ ಹೆಸರಾಂತ ವೀಣಾವಾದಕಿ ವೀಣಾ ಧನಮ್ಮಾಳ್. ತಾಯಿ ಜಯಮ್ಮಾಳ್ ಮಗಳ ನೃತ್ಯಕ್ಕೆ ಹಾಡಿದವರು. ಒಬ್ಬ ತಮ್ಮ ಮೃದಂಗ, ಇನ್ನೊಬ್ಬ ಕೊಳಲು. ಎಲ್ಲರ ಮನೆಯೂ ಹಾಗಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ನಮ್ಮಮ್ಮನಿಗೆ ನೃತ್ಯದ ಗಂಧಗಾಳಿ ಇರಲಿಲ್ಲ. ತಂಗಿ ಅಭ್ಯಾಸ ಮಾಡುವಾಗ ಅಮ್ಮ ಅಲ್ಲೇ ಗೋಡೆಗೆ ಒರಗಿ ಒಗೆದ ಬಟ್ಟೆ ಮಡಚುತ್ತಿದ್ದರು. ತಂಗಿ ತಾಳ ತಪ್ಪಿದರೆ ಅಮ್ಮನ ಕೈ ಅರ್ಧ ಮಡಚಿದ ಲಂಗದ ಮೇಲೆ ನಿಂತುಬಿಡುತ್ತಿತ್ತು. ತಲೆ ಎತ್ತುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ತಂಗಿ ಸರಿ ಮಾಡಿಕೊಂಡಳೋ, ಉಳಿದರ್ಧ ಮಡಿಕೆ ಬೀಳುತ್ತಿತ್ತು. ತಂಗಿಗಂತೂ ಇದು ಗೊತ್ತೇ ಇರಲಿಲ್ಲ. ರಂಗಪ್ರವೇಶದ ದಿನದ ಆಲ್ಬಮ್ ದಪ್ಪಗಿದೆ. ಬರೆಯಲು ಕೂತರೆ ನನಗೆ ನೆನಪಾಗುವುದು ಆ ಲಂಗವೇ.

ಹಾಗಂತ ಮನೆಯವರ ಮುಂದೆ ಮೊಬೈಲ್ ಎತ್ತಿಕೊಂಡು ಕಾಯಬೇಡ. ಮೊಬೈಲ್ ಕಂಡ ಕೂಡಲೇ ಎಲ್ಲರೂ ನೆಟ್ಟಗೆ ಕೂರುತ್ತಾರೆ.

ಸಿನಿಮಾದ್ದು ಸುಲಭ, ಹಿಂದಕ್ಕೆ ತಿರುಗಿಸಿ ನೋಡಬಹುದು. ತೆರೆಯ ಮೇಲೆ ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ನಿನ್ನನ್ನು ಅಲುಗಾಡಿಸಿದ ನೋಟ ಮೂರು ಸೆಕೆಂಡ್ ಇದ್ದರೆ ಜಾಸ್ತಿ. ಶಬ್ದ ತೆಗೆದು ಒಮ್ಮೆ ನೋಡು. ಮಾತಾಡುವವನ ಮುಖ ಬಿಟ್ಟು ಕೇಳಿಸಿಕೊಳ್ಳುವವನ ಮುಖ ನೋಡು. ಕಟ್ ಎಲ್ಲಿ ಬಂತು, ಇನ್ನೊಂದು ಗಳಿಗೆ ತಡವಾಗಿ ಬಂದಿದ್ದರೆ ಏನು ಕೆಡುತ್ತಿತ್ತು ಅಂತ ಯೋಚಿಸು. ಕತೆ ಹೇಳುವುದನ್ನು ಬಿಡು, ಅದನ್ನು ಎಲ್ಲರೂ ಹೇಳುತ್ತಾರೆ.

ಈಗ ಕೆಲಸದ ಮಾತು. ಅಜ್ಜಿಯ ಬರಹದಲ್ಲಿ ಒಂದು ಸಾಲನ್ನು ಬ್ರಾಕೆಟ್ಟಿನೊಳಗೆ ತುರುಕಿದ್ದೀಯ. ಟೀವಿಯಲ್ಲಿ ಅಳುವ ದೃಶ್ಯ ಬಂದರೆ ಅಜ್ಜಿ ಕನ್ನಡಕ ತೆಗೆದು ಒರೆಸಲು ಶುರು ಮಾಡುತ್ತಾರೆ, ದೃಶ್ಯ ಮುಗಿಯುವವರೆಗೂ ಒರೆಸುತ್ತಾರೆ ಅಂತ. ಅಲ್ಲಯ್ಯಾ, ಇದನ್ನು ಯಾರಾದರೂ ಬ್ರಾಕೆಟ್ಟಿನಲ್ಲಿ ಇಡುತ್ತಾರಾ? ಮೇಲಿನ "ತ್ಯಾಗಮಯಿ"ಯನ್ನೆಲ್ಲ ಹೊಡೆದು ಹಾಕಿ ಅಲ್ಲಿಂದ ಶುರು ಮಾಡು. ಯಾವುದರಿಂದ ಒರೆಸುತ್ತಾರೆ, ಸೆರಗಿನಿಂದಲಾ? ಕನ್ನಡಕ ಇಲ್ಲದೆ ಅವರಿಗೆ ಟೀವಿ ಕಾಣುತ್ತದಾ? ಮನೆಯಲ್ಲಿ ಉಳಿದವರು ಆಗ ಎತ್ತ ನೋಡುತ್ತಿರುತ್ತಾರೆ? ಕೇಳಿ ತಿಳಿದುಕೊಳ್ಳಬೇಡ, ಪಕ್ಕದಲ್ಲಿ ಕೂತು ನೋಡು.

ಸಿನಿಮಾ ಲೇಖನ ಸದ್ಯಕ್ಕೆ ಹಾಗೇ ಇರಲಿ. ಅಜ್ಜಿಯದನ್ನು ತಿದ್ದಿ ಮೊದಲು ಕಳಿಸು. ಎರಡು ಪುಟ ಮೀರಬಾರದು.

ಇಂತಿ,
ನಿನ್ನ ಹಿರಿಯ ಗೆಳೆಯ