ಹಳೇ ದೋಣಿ ಕೊಳ್ಳುವ ಮುಂಚೆ
ಗೆಳೆಯರೇ, ರಿಪೇರಿಗೆ ನಿಂತಿರುವ ಹಳೇ ಫೈಬರ್ ದೋಣಿ ಕಡಿಮೆಗೆ ಸಿಗುತ್ತಿದೆ, ತಗೊಳ್ಳಲಾ ಅಂತ ಕೇಳಿದವರಿಗೆ ಈ ಮಾತು. ಬಣ್ಣ, ಸೀಟು ಆಮೇಲೆ ನೋಡಿ. ಮೊದಲು ಎಂಜಿನ್ ಕೂರುವ ಹಿಂಬದಿಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಇಂಚಿಂಚೂ ತಟ್ಟಿ. ಟಕ್ ಟಕ್ ಅಂದರೆ ಗಟ್ಟಿ, ದಬ್ ಅಂದರೆ ಒಳಗಿನ ಪ್ಲೈವುಡ್ ನೀರು ಕುಡಿದು ಕೊಳೆತಿರುವ ಸಾಧ್ಯತೆ ಜಾಸ್ತಿ. ನಾನು ಹೋದ ವಾರ ನೋಡಿದ ದೋಣಿಯ ಹಿಂಬದಿಯಲ್ಲಿ ಒಂದು ಬೋಲ್ಟ್ ಬಿಚ್ಚಿದ ತಕ್ಷಣ ಕಂದು ನೀರು ಜಿನುಗಿತು, ಅಲ್ಲಿಂದಲೇ ವಾಪಸ್ ಬಂದೆ. ಎಂಜಿನ್‌ನ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಪಿಸ್ಟನ್ ಒತ್ತಿದಾಗ ಏರುವ ಒತ್ತಡ, ಚೆಕ್ ಮಾಡಿಸಿ. ಸಿಲಿಂಡರ್‌ಗಳ ನಡುವೆ ಸುಮಾರು 10%ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅನುಮಾನಪಡಿ. ಇಂಪೆಲ್ಲರ್ (ಎಂಜಿನ್ ತಂಪಾಗಿಸಲು ನೀರು ಎಳೆಯುವ ಪಂಪಿನ ರಬ್ಬರ್ ಚಕ್ರ), ಗ್ಯಾಸ್ಕೆಟ್ (ಭಾಗಗಳ ನಡುವೆ ಸೋರದಂತೆ ಇಡುವ ಪದರ) ಈಗಲೂ ಸಿಗುತ್ತವಾ ಅಂತ ಮಾಡೆಲ್ ನಂಬರ್ ಹಿಡಿದು ದುಡ್ಡು ಕೊಡುವ ಮುಂಚೆಯೇ ವಿಚಾರಿಸಿ. ದೋಣಿಯ ಮೈ ಗಟ್ಟಿಯಿದ್ದು ಎಂಜಿನ್ ಮಾತ್ರ ಕೆಟ್ಟಿದ್ದರೆ ನಾನಂತೂ ತಗೊಳ್ಳುತ್ತೇನೆ, ಮೈಯೇ ಕೊಳೆತಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಹಿಂಬದಿಯ ಫೋಟೋ ಹತ್ತಿರದಿಂದ ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.