ಅಮ್ಮನ ಕಣ್ಣಿಗೆ ಲೈಟ್ ಕೊಡಿಸೋ ಮುಂಚೆ ಇದನ್ನ ಓದು

ಆಕ್ಲೆಂಡ್, ಜುಲೈ

ಅಕ್ಕಾ,

ಅಮ್ಮನ ಕಣ್ಣುರಿಗೆ ಬೆಂಗಳೂರಲ್ಲಿ ಲೈಟ್ ಟ್ರೀಟ್‌ಮೆಂಟ್ ಕೊಡಿಸೋಣ್ವಾ ಅಂತ ಭಾವ ವಾಟ್ಸಾಪಲ್ಲಿ ಪಾಂಪ್ಲೆಟ್ ಫೋಟೋ ಹಾಕಿದ್ರಲ್ಲ, ಅದಕ್ಕೆ ಫೋನಲ್ಲಿ ಹೂಂ ಊಹೂಂ ಅಂದ್ರೆ ಮುಗಿಯಲ್ಲ ಅಂತ ಕೂತು ಬರೀತಿದ್ದೀನಿ. ನಾನೂ ಇಲ್ಲಿ ಅದನ್ನೇ ಮಾಡಿಸ್ಕೊಂಡಿರೋದ್ರಿಂದ ಸ್ವಲ್ಪ ಉದ್ದ ಆಗುತ್ತೆ. ಅಮ್ಮಂಗೆ ಪೂರ್ತಿ ಓದಿ ಹೇಳ್ಬೇಡ, ಗಾಬರಿ ಬೀಳ್ತಾಳೆ.

ಅದರ ಹೆಸರು ಐಪಿಎಲ್, ಕ್ರಿಕೆಟ್ ಅಲ್ಲ ಮತ್ತೆ, ಇಂಟೆನ್ಸ್ ಪಲ್ಸ್ಡ್ ಲೈಟ್. ಪಾಂಪ್ಲೆಟಲ್ಲಿ ಲೇಸರ್ ಅಂತ ಹಾಕಿದ್ದಾರೆ, ಲೇಸರ್ ಅಲ್ಲ ಅದು, ಕ್ಸೆನಾನ್ ದೀಪದ ಜೋರು ಫ್ಲ್ಯಾಶ್ ಅಷ್ಟೇ, ಫಿಲ್ಟರ್ ಹಾಕಿ ಬೇಡದ ಬೆಳಕನ್ನ ತಡೀತಾರೆ. ಕಣ್ಣೊಳಗೆ ಬಿಡಲ್ಲ, ಕಣ್ಣು ಮುಚ್ಚಿ ಕೆಳಗಡೆ ಕೆನ್ನೆಗೆ ತಣ್ಣಗಿನ ಜೆಲ್ ಬಳ್ದು ಒಂದು ಕಿವಿ ಪಕ್ಕದಿಂದ ಮೂಗಿನ ಮೇಲೆ ಹಾದು ಇನ್ನೊಂದು ಕಿವಿವರೆಗೂ ಪಟ್ ಪಟ್ ಅಂತ ಹೊಡ್ಕೊಂಡು ಹೋಗ್ತಾರೆ, ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚುರ್ ಅನ್ಸುತ್ತೆ. ಮೂಲದಲ್ಲಿ ಇದು ಚರ್ಮದ ಡಾಕ್ಟರ್‌ಗಳ ಮಷಿನ್. ರೊಸೇಶಿಯಾ ಅಂತ ಮುಖ ಕೆಂಪಾಗೋ ಕಾಯಿಲೆಗೆ ಲೈಟ್ ಹಾಕಿಸ್ಕೊಂಡೋರಿಗೆ ಕಣ್ಣುರಿನೂ ಕಮ್ಮಿ ಆಗ್ತಿರೋದನ್ನ ಅಮೆರಿಕದ ರೊಲಾಂಡೊ ಟೊಯೋಸ್ ಅನ್ನೋ ಕಣ್ಣಿನ ಡಾಕ್ಟರ್ ಗಮನಿಸಿ ಇದನ್ನ ಕಣ್ಣಿನ ಕಡೆಗೆ ತಂದ್ರು. ಔಷಧಿ, ಮಷಿನ್‌ಗಳಿಗೆ ಒಪ್ಪಿಗೆ ಕೊಡೋ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಡಿಎ ಇದನ್ನ ಒಪ್ಪಿದ್ದು 2021ರಲ್ಲಿ.

ರೆಪ್ಪೆ ಅಂಚಲ್ಲಿ ಸಾಲಾಗಿ ಎಣ್ಣೆ ಗ್ರಂಥಿಗಳಿರ್ತಾವೆ, ಮೈಬೋಮಿಯನ್ ಗ್ಲ್ಯಾಂಡ್ ಅಂತ. ಸಾರಿನ ಮೇಲೆ ಎಣ್ಣೆ ತೇಲ್ತಿದ್ರೆ ಬೇಗ ಹಬೆ ಆಡಲ್ಲ ನೋಡು, ಕಣ್ಣೀರಿನ ಮೇಲೂ ಹಂಗೇ ಒಂದು ತೆಳ್ಳನೆ ಎಣ್ಣೆ ಪದರ ಇರುತ್ತೆ, ಈ ಗ್ರಂಥಿ ಕಟ್ಕೊಂಡ್ರೆ ನೀರು ಇದ್ರೂ ಆರಿ ಹೋಗುತ್ತೆ, ಉರಿ, ಮರಳು ಬಿದ್ದಂಗೆ ಚುಚ್ಚೋದು, ಕೆಲವರಿಗೆ ಉಲ್ಟಾ ನೀರು ಸುರಿಯೋದು. ಲೈಟು ರೆಪ್ಪೆ ಸುತ್ತ ಊದ್ಕೊಂಡಿರೋ ಸಣ್ಣ ರಕ್ತನಾಳಗಳನ್ನ ಮುಚ್ಚುತ್ತೆ, ಉರಿಯೂತ ಇಳಿಸುತ್ತೆ, ಶಾಖಕ್ಕೆ ಎಣ್ಣೆ ಕರಗುತ್ತೆ ಅಂತಾರೆ. ಆಮೇಲೆ ಚಿಮುಟದ ಥರದ್ದರಲ್ಲಿ ರೆಪ್ಪೆ ಹಿಂಡಿ ಗಟ್ಟಿ ಎಣ್ಣೆ ತೆಗೀತಾರೆ, ನಿಜವಾಗಿ ನೋಯೋದು ಅದೇ, ಲೈಟಲ್ಲ. ಅದನ್ನ ಯಾವ ಪಾಂಪ್ಲೆಟಲ್ಲೂ ಹಾಕಲ್ಲ ಬಿಡು.

ಈಗ ಅಮ್ಮನ ವಿಷ್ಯ. ಎಣ್ಣೆ ಕಮ್ಮಿ ಆಗಿ ಒಣಗೋದಕ್ಕೆ ಮಾತ್ರ ಈ ಲೈಟು. ಕಣ್ಣೀರೇ ಕಮ್ಮಿ ಇದ್ರೆ ಲೈಟ್ ಹಾಕ್ಸಿ ದೊಡ್ಡ ಪ್ರಯೋಜನ ಇಲ್ಲ. ಅಮ್ಮಂಗೆ ಕೀಲುವಾತ ಇದೆ, ಬಾಯಿ ಒಣಗುತ್ತೆ ಅಂತ ರಾತ್ರಿಯೆಲ್ಲಾ ನೀರು ಕುಡೀತಾಳೆ ಅಂತ ನೀನೇ ಹೇಳಿದ್ದೆ, ಅಂಥೋರಿಗೆ ಕಣ್ಣೀರು, ಜೊಲ್ಲು ಎರಡನ್ನೂ ಒಣಗಿಸೋ ಶೋಗ್ರೆನ್ ಅನ್ನೋ ಕಾಯಿಲೆ ಇರಬಹುದು, ಅದಕ್ಕೆ ದಾರಿನೇ ಬೇರೆ. ಸಾಲದ್ದಕ್ಕೆ ಪೊರೆ ಆಪರೇಷನ್ ಬೇರೆ ಆಗಿದೆ, ಆಮೇಲೆ ಕೆಲವು ತಿಂಗಳು ಕಣ್ಣು ಒಣಗೋದು ಮಾಮೂಲಿ, ಬಹಳ ಜನಕ್ಕೆ ತಾನೇ ಸರಿಹೋಗುತ್ತೆ. ಹಾಗಾಗಿ ಮೊದ್ಲು ರೆಪ್ಪೆ ತುದಿಗೆ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಇಟ್ಟು ನೀರು ಅಳೆಯೋ ಶಿರ್ಮರ್ ಟೆಸ್ಟ್, ಗ್ರಂಥಿಗಳ ಫೋಟೋ ತೆಗೆಯೋ ಮೈಬೋಗ್ರಫಿ, ಇವೆರಡೂ ಆಗ್ಲಿ. ಗ್ರಂಥಿ ಪೂರ್ತಿ ಸತ್ತಿದ್ರೆ ಲೈಟ್ ಹಾಕಿದ್ರೂ ಅದು ಎದ್ದು ಬರುತ್ತೆ ಅಂತ ನಂಬ್ಕೊಳ್ಳೋ ಹಾಗಿಲ್ಲ. ಟೆಸ್ಟ್ ಮಾಡ್ದೇನೇ ಪ್ಯಾಕೇಜ್ ರೇಟ್ ಹೇಳೋ ಕಡೆಯಿಂದ ಎದ್ದು ಬಂದ್ಬಿಡಿ.

ನಂಗೆ ನಿಜವಾಗ್ಲೂ ಭಯ ಇರೋದು ನಮ್ಮ ಬಣ್ಣದ ಬಗ್ಗೆ. ಈ ಬೆಳಕನ್ನ ಚರ್ಮಕ್ಕೆ ಬಣ್ಣ ಕೊಡೋ ಮೆಲಾನಿನ್ ಹೀರ್ಕೊಳ್ಳುತ್ತೆ, ಬಣ್ಣ ಗಾಢ ಇದ್ದಷ್ಟೂ ಜಾಸ್ತಿ ಶಾಖ ಮೇಲೇ ನಿಲ್ಲುತ್ತೆ, ಆಗ ಬೊಬ್ಬೆ, ಕಪ್ಪು ಕಲೆ, ಒಮ್ಮೊಮ್ಮೆ ಉಲ್ಟಾ ಬಿಳಿ ಮಚ್ಚೆ. ಚರ್ಮದ ಡಾಕ್ಟರ್‌ಗಳು ಬಣ್ಣಾನ ತೀರಾ ಬಿಳಿ 1ರಿಂದ ಕಡುಗಪ್ಪು 6ರವರೆಗೆ ಫಿಟ್ಜ್‌ಪ್ಯಾಟ್ರಿಕ್ ಟೈಪ್ ಅಂತ ಭಾಗ ಮಾಡ್ತಾರೆ, ಎಫ್‌ಡಿಎ ಒಪ್ಪಿಗೆ ಇರೋದು 1ರಿಂದ 4ಕ್ಕೆ ಮಾತ್ರ. ನಮ್ಮನೇಲಿ ನೀನು 4 ಇರಬಹುದು, ನಾನು ಅಮ್ಮ 5 ಕಣೇ. ಇಲ್ಲಿ ನನ್ನ ನೋಡಿದ ಆಪ್ಟೋಮೆಟ್ರಿಸ್ಟ್ (ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬರ್ಕೊಡೋರು, ಇಲ್ಲಿ ಇದನ್ನ ಬಹಳ ಕಡೆ ಅವ್ರೇ ಮಾಡೋದು) ಮೊದ್ಲು ಕಿವಿ ಪಕ್ಕ ಒಂದೇ ಒಂದು ಶಾಟ್ ಹೊಡೆದು ಮನೆಗೆ ಕಳ್ಸಿದ್ರು, ಅಲ್ಲಿ ಕಂದು ಬಣ್ಣದ ಚೌಕ ಕಲೆ ನಿಂತೇಬಿಡ್ತು, ಮಾಸೋಕೆ ವಾರಗಳೇ ಹಿಡೀತು. ಅದನ್ನ ನೋಡಿ ಪವರ್ ತುಂಬಾ ಇಳಿಸಿ ಮಾಡಿದ್ರು. ಟೆಸ್ಟ್ ಶಾಟ್ ಇಲ್ದೆ ಡೈರೆಕ್ಟಾಗಿ ಕೆನ್ನೆಗೆ ಹಾಕಿದ್ರೆ ಈ ಸಲ ಮದುವೆ ಫೋಟೋಲಿ ನಾನು ಹೇಗಿರ್ತಿದ್ದೆ ಯೋಚ್ನೆ ಮಾಡು.

ಅಮ್ಮನ ಕೆನ್ನೆ ಮೇಲಿನ ಬಂಗು ಇದೆಯಲ್ಲ, ಲೈಟಿಗೆ ಅದು ಇನ್ನೂ ಕಪ್ಪಾಗಬಹುದು. ದೊಡ್ಡಮ್ಮನೂ ಜೊತೆಗೆ ಹೊರಡ್ತಾಳಂತೆ, ಅವಳ ಕೆನ್ನೆ ಮೇಲೆ ಹಚ್ಚೆ ಇದೆ, ಹಚ್ಚೆ ಮೇಲೆ ಇದನ್ನ ಹೊಡೀಲೇಬಾರದು, ಸುಡುತ್ತೆ. ಭಾವ ತಾವೂ ಮಾಡಿಸ್ಕೋತೀನಿ ಅಂದ್ರೆ ಗಡ್ಡದ ಮೇಲಿಂದ ಬರ್ದೇ ಇರೋ ಹಾಗೆ ಹೇಳು, ಬ್ಯೂಟಿ ಪಾರ್ಲರಲ್ಲಿ ಕೂದಲು ತೆಗೆಯೋಕೆ ಬಳಸೋದೂ ಇದೇ ಬೆಳಕು. ಇನ್ನು ಮಾತ್ರೆ. ರೆಪ್ಪೆ ಊತಕ್ಕೆ ಅಂತ ಡಾಕ್ಟರ್‌ಗಳು ಡಾಕ್ಸಿಸೈಕ್ಲಿನ್ ಬರ್ಕೊಡ್ತಾರೆ, ಅದು ಚರ್ಮಾನ ಬೆಳಕಿಗೆ ಸೂಕ್ಷ್ಮ ಮಾಡುತ್ತೆ, ಅದನ್ನ ತಗೋತಾ ಲೈಟ್ ಹಾಕಿಸ್ಕೊಂಡ್ರೆ ಸುಡೋ ಚಾನ್ಸ್ ಜಾಸ್ತಿ. ಲೂಪಸ್ ಅನ್ನೋ ಕಾಯಿಲೆ ಇರೋರಿಗೆ, ಬಸುರಿಯರಿಗೂ ಮಾಡಲ್ಲ. ಬಿಸಿಲಲ್ಲಿ ಕಂದಿದ ಮುಖಕ್ಕೂ ಬೇಡ, ನನಗೂ ಅದಕ್ಕೇ ಇಲ್ಲಿ ಚಳಿಗಾಲ ಬರ್ಲಿ ಅಂತ ಕಾಯಿಸಿದ್ರು, ಇಲ್ಲಿ ಬೇಸಿಗೆ ಬಿಸಿಲು ನಮ್ಮ ಅರಸೀಕೆರೆ ಬಿಸಿಲಿಗಿಂತ ಕೆಟ್ಟದ್ದು, ಬಿಸಿ ಅನ್ಸಲ್ಲ ಆದ್ರೆ ಸುಡುತ್ತೆ.

ಕಣ್ಣಿಗೇ ಅಪಾಯ ಇಲ್ವಾ ಅಂತ ಕೇಳ್ತೀಯ. ಕಣ್ಣು ಮುಚ್ಚೋ ಶೀಲ್ಡ್ ಸರಿಯಾಗಿ ಹಾಕಿದ್ರೆ ಅಂಥ ತೊಂದ್ರೆ ಅಪರೂಪ. ಆದ್ರೆ ಕಣ್ಣಿನ ಪಾಪೆ ಸುತ್ತ ಇರೋ ಐರಿಸ್‌ನಲ್ಲೂ ಬಣ್ಣ ಇದೆಯಲ್ಲ, ಅಂದಕ್ಕೋಸ್ಕರ ರೆಪ್ಪೆ ಮೇಲೆ ಶೀಲ್ಡ್ ಇಲ್ದೆ ಹಾಕಿಸ್ಕೊಂಡ ಕೆಲವರಿಗೆ ಒಳಗೆ ಊತ ಬಂದು, ಐರಿಸ್ ಹಾಳಾಗಿ, ಬೆಳಕು ನೋಡಕ್ಕಾಗದೇ ಇರೋ ಕೇಸ್‌ಗಳು ದಾಖಲಾಗಿವೆ. ಇದನ್ನ ಪಾರ್ಲರಲ್ಲಂತೂ ಬೇಡವೇ ಬೇಡ.

ಕೆಲ್ಸ ಮಾಡುತ್ತಾ ಅಂದ್ರೆ, ನಂಗೆ ಮಾಡ್ತು, ಅರ್ಧ ಅನ್ನು. ಡ್ರಾಪ್ಸ್ ಬಿಟ್ಟಿಲ್ಲ, ಆದ್ರೆ ಮುಂಚಿನಷ್ಟು ಬೇಕಾಗ್ತಿಲ್ಲ, ಸಂಜೆವರೆಗೂ ಸ್ಕ್ರೀನ್ ನೋಡ್ಬಹುದು. ಸಾಮಾನ್ಯವಾಗಿ 2ರಿಂದ 4 ವಾರದ ಗ್ಯಾಪಲ್ಲಿ 4 ಸಿಟ್ಟಿಂಗ್, ಆಮೇಲೂ ಆಗಾಗ ಮತ್ತೆ ಹಾಕ್ಸಬೇಕು, ಒಂದೇ ಸಲಕ್ಕೆ ಮುಗಿಯೋ ಖರ್ಚಲ್ಲ. ಇದೇ ಊರಿನ ಯೂನಿವರ್ಸಿಟಿಯಲ್ಲಿ ಜೆನಿಫರ್ ಕ್ರೇಗ್ ಅನ್ನೋರ ತಂಡ 28 ಜನಕ್ಕೆ ಒಂದು ಕಣ್ಣಿಗೆ ನಿಜವಾದ ಲೈಟ್, ಇನ್ನೊಂದಕ್ಕೆ ಸುಳ್ಳು ಲೈಟ್ ಹಾಕಿ ನೋಡಿ 2015ರಲ್ಲಿ ಪ್ರಕಟಿಸಿದ್ರು, ನಿಜದ ಕಡೆ ಎಣ್ಣೆ ಪದರ ಸುಧಾರಿಸ್ತು. ಆದ್ರೆ 2020ರಲ್ಲಿ ವೈದ್ಯಕೀಯ ಸ್ಟಡಿಗಳನ್ನ ಒಟ್ಟಿಗಿಟ್ಟು ತೂಗಿ ನೋಡೋ ಕೊಕ್ರೇನ್ ಸಂಸ್ಥೆಯೋರು ಇಂಥ ಸ್ಟಡಿಗಳನ್ನೆಲ್ಲ ಜಾಲಾಡಿದಾಗ ಅವ್ರ ಲೆಕ್ಕಕ್ಕೆ ನಿಂತಿದ್ದು 3, ಒಟ್ಟು 114 ಜನ, ಖಾತ್ರಿಯಾಗಿ ಹೇಳೋಕೆ ಸಾಕ್ಷಿ ಸಾಲದು ಅಂದ್ರು. ಗ್ಯಾರಂಟಿ ಅಂತ ಬರೆದಿರೋ ಪಾಂಪ್ಲೆಟ್ ಸುಳ್ಳು ಹೇಳ್ತಿದೆ ಅಂತ ನಾನು ಅದಕ್ಕೇ ಅನ್ನೋದು. ಕೆಂಪು ಎಲ್ಇಡಿ ಮಾಸ್ಕ್ ಅಂತ ಇನ್ನೊಂದಿದೆ, ಫ್ಲ್ಯಾಶ್ ಇಲ್ಲ, ಬೆಚ್ಚಗಿರುತ್ತೆ ಅಷ್ಟೇ, ಎಲ್ಲಾ ಬಣ್ಣದ ಚರ್ಮಕ್ಕೂ ನಡೆಯುತ್ತೆ ಅಂತಾರೆ, ಅಮ್ಮಂಗೆ ಲೈಟ್ ಕೊಡಿಸ್ಲೇಬೇಕು ಅಂದ್ರೆ ಮೊದ್ಲು ಅದನ್ನ ಕೇಳಿ.

ಸದ್ಯಕ್ಕೆ ದಿನಾ ಬಿಸಿನೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆ ಮುಚ್ಚಿದ ಕಣ್ಣ ಮೇಲೆ 5-10 ನಿಮಿಷ ಇಡ್ಸು, ಮುಟ್ಟಿದ್ರೆ ಕೈ ಸುಡದಷ್ಟು ಬಿಸಿ ಸಾಕು, ಆಮೇಲೆ ರೆಪ್ಪೆ ಮೆಲ್ಲಗೆ ನೀವ್ಲಿ. ಪ್ರಿಸರ್ವೇಟಿವ್ ಇಲ್ಲದ ಡ್ರಾಪ್ಸ್ ಯಾವುದು ಅಂತ ಆಪರೇಷನ್ ಮಾಡಿದ ಡಾಕ್ಟರನ್ನೇ ಕೇಳು, ಎರಡನೇ ಅಭಿಪ್ರಾಯ ಬೇಕಿದ್ರೆ ಮಿಂಟೋ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗಿ. ಅಮ್ಮ ತಗೋತಿರೋ ಎಲ್ಲಾ ಮಾತ್ರೆ ಪಟ್ಟಿಗಳ ಹಿಂಭಾಗದ ಫೋಟೋ ನಂಗೆ ಕಳ್ಸು, ಮಂಡಿನೋವಿಗೆ ಅಂತ ಪಕ್ಕದ್ಮನೆಯೋರು ಕೊಟ್ಟಿದ್ದನ್ನೂ ಸೇರಿಸಿ. ಫೋನ್ ಮಾಡೋದಾದ್ರೆ ನಿಮ್ಮ ಮಧ್ಯಾಹ್ನ ಊಟದ ಹೊತ್ತಿಗೇ ಮಾಡು, 4 ಗಂಟೆ ಮೇಲೆ ಮಾಡಿದ್ರೆ ಇಲ್ಲಿ ಹತ್ತೂವರೆ, ಮಗು ಎದ್ದುಬಿಡುತ್ತೆ.

ನಿನ್ನ ತಮ್ಮ