ಹಿಂಬಾರದ ಗಾಡಿ: ಗೆಳೆಯನಿಗೊಂದು ಪತ್ರ

ಮಿಶಿಗನ್
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯಾ,

ಮನೆ ಹಿಂದೆ ಒಂದು ಗಾಡಿ ಕಟ್ಟುತ್ತಿದ್ದೇನೆ ಅಂತ ಹೋದ ವರ್ಷ ಫೋನಿನಲ್ಲಿ ಹೇಳಿದ್ದೆನಲ್ಲ, ಆಗ ನೀನು "ಎತ್ತು ಎಲ್ಲಿಂದ ತರ್ತೀಯಾ?" ಅಂತ ನಕ್ಕಿದ್ದೆ. ಗಾಡಿ ಮುಗಿಯಿತು ಕಣೋ, ಎತ್ತಿಗಲ್ಲ, ಕಾರಿನ ಹಿಂದೆ ಕಟ್ಟಿ ಎಳೆಯುವಂಥದ್ದು. ಹೋದ ವಾರ ಅದರಲ್ಲೇ ಮಲಗಿಕೊಂಡು ನಾಲ್ಕು ದಿನ ಸುತ್ತಿ ಬಂದೆವು. ಇದನ್ನು ನಿನಗೆ ಹೇಳದಿದ್ದರೆ ತಿಂದಿದ್ದು ಅರಗುವುದಿಲ್ಲ. ಅದರಲ್ಲೂ ನಿಮ್ಮಪ್ಪನಿಗೆ ಹೇಳಲೇಬೇಕಾದ ಒಂದು ವಿಷಯ ಇದೆ.

ಶುರುವಾಗಿದ್ದು ಪಕ್ಕದ ಬೀದಿಯ ಒಬ್ಬ ಅಜ್ಜನ ಮನೆಯಿಂದ. ಅವರ ಹಿತ್ತಲಲ್ಲಿ ಒಂದು ಹಳೇ ಪಾಪ್-ಅಪ್ ಕ್ಯಾಂಪರ್ ಹುಲ್ಲಿನಲ್ಲಿ ಹೂತು ಕೂತಿತ್ತು. ಕೆಳಗೆ ಪೆಟ್ಟಿಗೆ, ಮೇಲೆ ಬಟ್ಟೆಯ ಡೇರೆ. ಎತ್ತಿದರೆ ಮನೆ, ಮಡಚಿದರೆ ಪೆಟ್ಟಿಗೆ. ಬಟ್ಟೆ ಹರಿದಿತ್ತು, ಮರ ಕೊಳೆತಿತ್ತು, ಇಲಿಗಳು ಒಳಗೆ ಮೂರು ತಲೆಮಾರು ಸಂಸಾರ ಮಾಡಿದ್ದವು. ಬಗ್ಗಿ ನೋಡಿದರೆ ಕೆಳಗಿನ ಕಬ್ಬಿಣದ ಚಾಸಿ ಮಾತ್ರ ಗಟ್ಟಿಯಾಗಿತ್ತು. 150 ಡಾಲರಿಗೆ ಕೊಟ್ಟರು. ಅದು ಜಾಗ ಬಿಟ್ಟರೆ ಸಾಕು ಅನ್ನೋ ಹಾಗಿತ್ತು ಅವರ ಮುಖ.

ಮೇಲಿನದ್ದೆಲ್ಲ ಕಿತ್ತು ಹಾಕಲು ಎರಡು ಶನಿವಾರ ಹಿಡಿಯಿತು. ಚಾಸಿಯ ಉದ್ದಕ್ಕೂ ಸುತ್ತಿಗೆಯಲ್ಲಿ ಬಡಿದು ನೋಡಿದೆ. ತುಕ್ಕು ಮೇಲೆ ಮೇಲೆ ಮಾತ್ರ ಇತ್ತು. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದೆ. ಎರಡೂ ಕಡೆ ಅಳತೆ ಒಂದೇ ಬಂದರೆ ಚೌಕ ಸರಿಯಿದೆ ಅಂತ ಲೆಕ್ಕ, ನಮ್ಮೂರ ಗಾರೆಯವರು ಪಾಯ ಹಾಕುವಾಗ ನೋಡುತ್ತಿದ್ದರಲ್ಲ, ಹಾಗೇ. ಇಂಥ ಚಾಸಿಗಳು ತೆಳ್ಳಗಿರುತ್ತವೆ, ಮೇಲಿನ ಪೆಟ್ಟಿಗೆಯೇ ಅವಕ್ಕೆ ಅರ್ಧ ಬಲ. ಅದಕ್ಕೇ ಅಡ್ಡಕ್ಕೆ ಎರಡು ಪಟ್ಟಿ ವೆಲ್ಡ್ ಮಾಡಿಸಿದೆ. ಟಯರ್ ನೋಡಲು ಹೊಸದರಂತಿತ್ತು. ಆದರೆ ಅದರ ಪಕ್ಕೆಯಲ್ಲಿ ಡಿಒಟಿ ಅಂತ ಬರೆದಿರುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಇದರಲ್ಲಿ 2306 ಅಂತಿತ್ತು, ಅಂದರೆ 2006ರ 23ನೇ ವಾರ. ಓಡದೆ ಸುಮ್ನೆ ನಿಂತರೂ ರಬ್ಬರಿಗೆ ವಯಸ್ಸಾಗುತ್ತದೆ. ಎರಡನ್ನೂ ಬದಲಾಯಿಸಿದೆ.

ನಾನು ಕಟ್ಟಿದ ಆಕಾರಕ್ಕೆ ಇಲ್ಲಿ ಟಿಯರ್‌ಡ್ರಾಪ್ ಅನ್ನುತ್ತಾರೆ. ಕಣ್ಣೀರ ಹನಿ! ನನಗೇನೋ ಅದು ಅಡ್ಡ ಮಲಗಿಸಿದ ಮಾವಿನ ಓಟೆಯಂತೆ ಕಾಣುತ್ತದೆ. ಮುಂದೆ ದುಂಡಗೆ, ಹಿಂದೆ ಇಳಿಜಾರು. 1930ರ ದಶಕದಿಂದಲೂ ಅಮೆರಿಕದ ಜನ ಮನೆಯಲ್ಲೇ ಇದನ್ನು ಕಟ್ಟಿಕೊಳ್ಳುತ್ತಿದ್ದಾರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಅಲ್ಯೂಮಿನಿಯಂ ತಗಡು ಎಷ್ಟೋ ಟಿಯರ್‌ಡ್ರಾಪ್‌ಗಳ ಮೈಯಾಯಿತು. ಅಳತೆಯ ಗುಟ್ಟು ಪ್ಲೈವುಡ್‌ನಲ್ಲಿದೆ. ಒಂದು ಹಾಳೆ 4 ಅಡಿ ಅಗಲ, 8 ಅಡಿ ಉದ್ದ ಬರುತ್ತದೆ. ಆದ್ದರಿಂದ ಗೋಡೆ 4 ಅಡಿ ಎತ್ತರ, ಗಾಡಿ 8 ಅಡಿ ಉದ್ದ. ಒಳಗೆ ನಿಲ್ಲಲಾಗುವುದಿಲ್ಲ, ಬರೀ ಮಲಗಬಹುದು. ಹಿಂದಿನ ಬಾಗಿಲು ಮೇಲಕ್ಕೆತ್ತಿದರೆ ಅಡುಗೆ ಕಟ್ಟೆ. ಹೊರಗೆ ನಿಂತು ಅಡುಗೆ. ಒಳಗೆ ಒಲೆ ಹಚ್ಚುವ ಮಾತೇ ಇಲ್ಲ. ಆ ಪುಟ್ಟ ಗೂಡಿನಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿದರೆ ಮಲಗಿದವರು ಏಳುವುದಿಲ್ಲ.

ನೆಲದ ಅಡಿಗೆ ಡಾಂಬರು ಬಳಿದೆ. ಮೇಲ್ಮೈಗೆ ಮಾಡಿದ್ದು ಕೇಳಿದರೆ ನಗ್ತೀಯ. ದಪ್ಪ ಕ್ಯಾನ್ವಾಸ್ ಬಟ್ಟೆಯನ್ನು ಮರದ ಅಂಟಿನಲ್ಲಿ ನೆನೆಸಿ ಇಡೀ ಗಾಡಿಗೆ ಅಂಟಿಸಿದೆ. ಒಣಗಿದ ಮೇಲೆ ಮೂರು ಕೋಟು ಹೊರಗೋಡೆಯ ಪೇಂಟ್. ಇದಕ್ಕೆ ಇಲ್ಲಿಯವರು 'ಬಡವರ ಫೈಬರ್‌ಗ್ಲಾಸ್' ಅನ್ನುತ್ತಾರೆ. ರಾತ್ರಿ ಮೈದಾ ಅಂಟು ಕಲಸಿ ಗಣೇಶನ ಹಬ್ಬದ ಪೋಸ್ಟರ್ ಅಂಟಿಸುತ್ತಿದ್ದೆವಲ್ಲ, ಆ ವಿದ್ಯೆ ಇಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂತು. ಲೈಟು ಮಾತ್ರ ಒಂದು ವಾರ ಸತಾಯಿಸಿತು. ಬಲಕ್ಕೆ ಇಂಡಿಕೇಟರ್ ಹಾಕಿದರೆ ಹಿಂದಿನ ಅಷ್ಟೂ ದೀಪ ಮಿಣುಕುತ್ತಿದ್ದವು. ನಾಲ್ಕು ವೈರು ಅಷ್ಟೇ ಇರೋದು: ಎಡಕ್ಕೆ ಹಳದಿ, ಬಲಕ್ಕೆ ಹಸಿರು, ಹಿಂದಿನ ದೀಪಕ್ಕೆ ಕಂದು, ಅರ್ತಿಂಗಿಗೆ ಬಿಳಿ. ಆ ಬಿಳಿ ವೈರನ್ನು ನಾನು ಪೇಂಟಿನ ಮೇಲೆ ಬೋಲ್ಟ್ ಮಾಡಿದ್ದೆ. ಪೇಂಟ್ ಕೆರೆದು ಬರೀ ಕಬ್ಬಿಣಕ್ಕೆ ಕೂರಿಸಿದ ತಕ್ಷಣ ಸರಿಹೋಯಿತು. ಎಂಜಿನಿಯರ್ ಅಂತೆ ನಾನು.

ಈಗ ನಿಮ್ಮಪ್ಪನ ವಿಷಯಕ್ಕೆ ಬರ್ತೀನಿ.

ಮೊದಲ ಸಲ ಗಾಡಿಯನ್ನು ಕಾರಿಗೆ ಕಟ್ಟಿ ಹೈವೇಗೆ ಹೋದೆ. ಗಂಟೆಗೆ 80 ಕಿ.ಮೀ. ತನಕ ಏನೂ ಇಲ್ಲ. 90 ಆಗುತ್ತಲೇ ಹಿಂದಿನಿಂದ ಯಾರೋ ಕಾರಿನ ಬಾಲ ಹಿಡಿದು ಅಲ್ಲಾಡಿಸಿದ ಹಾಗಾಯಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಸಲಕ್ಕಿಂತ ಸಲ ಜಾಸ್ತಿ. ಬ್ರೇಕ್ ಒತ್ತಲಿಲ್ಲ, ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಟ್ಟೆ. ನಿಧಾನಕ್ಕೆ ಶಾಂತವಾಯಿತು. ಪಕ್ಕಕ್ಕೆ ನಿಲ್ಲಿಸಿದಾಗ ಅಂಗೈ ಒದ್ದೆಯಾಗಿತ್ತು. ಹೆಂಡತಿ ಪಕ್ಕದಲ್ಲಿ ಇರಲಿಲ್ಲ, ಅದೊಂದು ಪುಣ್ಯ.

ಅಲ್ಲೇ ರಸ್ತೆ ಬದಿ ಕೂತಾಗ ನೆನಪಾಗಿದ್ದು ನಿಮ್ಮ ಕಬ್ಬಿನ ಗಾಡಿ. ಮೈಷುಗರ್ ಕಾರ್ಖಾನೆಗೆ ಹೊರಡುವ ಮುಂಚೆ ನಿಮ್ಮಪ್ಪ ಮೂಕಿಯನ್ನು, ಅದೇ ನೊಗ ಕಟ್ಟುವ ಮುಂದಿನ ಮರವನ್ನು, ಒಂದು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಹಗುರಾಗಿ ಎದ್ದರೆ "ಹಿಂಬಾರ ಆಯ್ತು, ಮುಂದಕ್ಕೆ ನಾಲ್ಕು ಹೊರೆ ಹಾಕ್ರೋ" ಅನ್ನುತ್ತಿದ್ದರು. ಹಿಂಬಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂಬಾರವಾದರೆ ಹೆಗಲು ಒತ್ತುತ್ತದೆ. ನನ್ನ ಗಾಡಿಯ ಒಲೆ, ನೀರಿನ ಕ್ಯಾನು, ಬ್ಯಾಟರಿ, ಪಾತ್ರೆ ಎಲ್ಲವೂ ಅಚ್ಚಿನ ಹಿಂದೆ ಅಡುಗೆ ಕಟ್ಟೆಯಲ್ಲಿದ್ದವು. ಹಿಂಬಾರ ಅಂದರೆ ಹಿಂಬಾರ.

ಇಲ್ಲಿನ ಲೆಕ್ಕ ಹೀಗಿದೆ: ಟ್ರೇಲರಿನ ಒಟ್ಟು ತೂಕದಲ್ಲಿ 100ಕ್ಕೆ 10ರಿಂದ 15 ಪಾಲು ಮೂಕಿಯ, ಅಂದರೆ ಕಾರಿಗೆ ಸಿಕ್ಕಿಸುವ ಮುಂದಿನ ಕಂಬಿಯ, ತುದಿಗೆ ಬೀಳಬೇಕು. ಒಟ್ಟು ತೂಕ ನನಗೆ ಗೊತ್ತಿತ್ತು, 480 ಕೆ.ಜಿ. ನಂಬರ್ ಪ್ಲೇಟ್ ಮಾಡಿಸುವಾಗ ತೂಕದ ಚೀಟಿ ಕೊಟ್ಟಿದ್ದೆ. (ಮಿಶಿಗನ್‌ನಲ್ಲಿ ಟ್ರೇಲರ್ ಪ್ಲೇಟ್ ಒಂದು ಸಲ ತಗೊಂಡರೆ ವರ್ಷ ವರ್ಷ ನವೀಕರಿಸುವ ಗೋಳಿಲ್ಲ, ಇದೊಂದು ಒಳ್ಳೇದು.) ಮನೆಗೆ ಬಂದು, ನಾವು ಮೈ ತೂಕ ನೋಡುವ ಯಂತ್ರವನ್ನೇ ಮೂಕಿಯ ಕೆಳಗೆ ಮರದ ತುಂಡು ಕೊಟ್ಟು ಇಟ್ಟೆ. ಬರೀ 17 ಕೆ.ಜಿ.! ಕನಿಷ್ಠ 48 ಇರಬೇಕಿತ್ತು.

ಪರಿಹಾರ ಸುಲಭವಿತ್ತು. 27 ಕೆ.ಜಿ.ಯ ಬ್ಯಾಟರಿಯನ್ನು ಹಿಂದಿನಿಂದ ತೆಗೆದು ಮೂಕಿಯ ಮೇಲೊಂದು ಡಬ್ಬಿ ಮಾಡಿ ಅಲ್ಲಿಟ್ಟೆ. ಬ್ಯಾಟರಿಯ ತೂಕ ಅಷ್ಟೇ, ಆದರೆ ಅಚ್ಚಿನ ಹಿಂದಿದ್ದಾಗ ಮೂಕಿಯನ್ನು ಮೇಲೆತ್ತುತ್ತಿದ್ದದ್ದು ಈಗ ಕೆಳಗೆ ಒತ್ತುತ್ತದೆ, ಆ ಏತದ ಲೆಕ್ಕದಲ್ಲಿ ಮೂಕಿಗೆ 32 ಕೆ.ಜಿ. ಕೂಡಿತು. 20 ಲೀಟರಿನ ನೀರಿನ ಕ್ಯಾನನ್ನು ಹಾಸಿಗೆಯ ಮುಂದಿನ ತುದಿಗೆ ತಂದೆ, ಇನ್ನೊಂದು 14. ಒಟ್ಟು 63. ನೀರು ಖಾಲಿಯಾದರೂ ಹಿಂಬಾರವಾಗುವುದಿಲ್ಲ. ಮತ್ತೆ ಅದೇ ಹೈವೇ, ಅದೇ ವೇಗ. ಈ ಸಲ ಗಾಡಿ ಸಾಧು ಎತ್ತಿನ ಹಾಗೆ ಹಿಂದೆ ಬಂತು.

ಆಮೇಲೆಯೇ ಹೆಂಡತಿ, ಮಗಳನ್ನು ಹತ್ತಿಸಿಕೊಂಡು ಉತ್ತರಕ್ಕೆ ಹೊರಟಿದ್ದು. ದಾರಿಯಲ್ಲಿ ಮ್ಯಾಕಿನಾ ಸೇತುವೆ ಸಿಗುತ್ತದೆ. 1957ರಲ್ಲಿ ತೆರೆದದ್ದು, ಸುಮಾರು 8 ಕಿ.ಮೀ. ಉದ್ದ. ನಡುಭಾಗದಲ್ಲಿ ಒಳಗಿನ ಲೇನು ಉಕ್ಕಿನ ಜಾಲರಿ, ಕೆಳಗಿನ ನೀರು ಕಾಣುತ್ತದೆ. ಟಯರ್ ಅದರ ಮೇಲೆ ಜೇನುಗೂಡಿನ ಹಾಗೆ ಗುಂಯ್ ಅನ್ನುತ್ತದೆ. ನಾನು ಕನ್ನಡಿಯಲ್ಲಿ ಗಾಡಿಯನ್ನೇ ನೋಡುತ್ತಿದ್ದೆ. ಮಗಳು ಮಾತ್ರ "ಅಪ್ಪ, ನೀರು ನೋಡು" ಅನ್ನುತ್ತಲೇ ಇದ್ದಳು.

ಮೊದಲ ರಾತ್ರಿ ಚಳಿ ಅಂತ ಎಲ್ಲ ಮುಚ್ಚಿ ಮಲಗಿದೆವು. ಬೆಳಗ್ಗೆ ಚಾವಣಿಯಿಂದ ತೊಟ್ ತೊಟ್ ಅಂತ ನೀರು. ಮಳೆಯಲ್ಲ, ನಮ್ಮದೇ ಉಸಿರು. ಮಾರನೇ ದಿನದಿಂದ ಮೇಲಿನ ಫ್ಯಾನ್ ಹಾಕಿ, ಕಿಟಕಿ ಒಂದು ಬೆರಳಷ್ಟು ತೆಗೆದು ಮಲಗಿದೆವು. ಎರಡನೇ ಬೆಳಗ್ಗೆ ಲೇಕ್ ಸುಪೀರಿಯರ್ ಎದುರು ಹಿಂದಿನ ಬಾಗಿಲೆತ್ತಿ ಉಪ್ಪಿಟ್ಟು ಮಾಡಿದೆ. ಪಕ್ಕದ ಗುಡಾರದವರು ಒಗ್ಗರಣೆ ವಾಸನೆಗೆ ತಟ್ಟೆ ಹಿಡಿದೇ ಬಂದರು.

ಫೋಟೋ ಕಳಿಸುತ್ತಿದ್ದೇನೆ. ನಿಮ್ಮಪ್ಪನಿಗೆ ತೋರಿಸು, ಹಿಂಬಾರದ ಕತೆಯನ್ನೂ ಹೇಳು. ಅವರು ಮೊದಲು ಕೇಳುವುದು ಕೀಲೆಣ್ಣೆ ಹಾಕಿದ್ದಾನಾ ಅಂತಲೇ. ಹಾಕಿದ್ದಾನೆ ಅನ್ನು. ಹೊರಡುವ ಹಿಂದಿನ ದಿನ ಎರಡೂ ಚಕ್ರ ಬಿಚ್ಚಿ, ಬೇರಿಂಗ್ ತೊಳೆದು, ಅಂಗೈಯಲ್ಲಿ ಗ್ರೀಸ್ ಇಟ್ಟು ಒತ್ತಿ ಒತ್ತಿ ತುಂಬಿದ್ದಾನೆ, ಉಗುರಿನ ಸಂದಿಯ ಕರೆ ಇನ್ನೂ ಹೋಗಿಲ್ಲವಂತೆ ಅನ್ನು.

ನಿನ್ನ
ಗೆಳೆಯ